ಪಾರ್ಕಿನ ಸುತ್ತಳತೆ

ರೀ,

ಮ್ಯಾರಥಾನ್‌ಗೆ ಹೊರಟೆ. ಹಾಲು ಕಾಯಿಸಿದ್ದೇನೆ, ತಿಂಡಿ ಮಾಡಿಲ್ಲ. ನಡೆಯುವವರಿಗೂ ಎಂಟು ಗಂಟೆ ಕಾಲಾವಕಾಶ ಕೊಡುತ್ತಾರೆ ಅಂತಲೇ ಇದನ್ನು ಆರಿಸಿಕೊಂಡಿದ್ದು, ಗೊತ್ತಲ್ಲ.

ಪಾರ್ಕಿನ ಒಂದು ಸುತ್ತು ಒಂದು ಕಿಲೋಮೀಟರ್ ಅಂತ ನೀವೇ ಅಳೆದು ಹೇಳಿದಿರಿ. ಆರು ತಿಂಗಳು ನಂಬಿ ಸುತ್ತಿದೆ. ಮೂವತ್ತು ಸುತ್ತು ಮುಗಿಸಿದ ದಿನ ಬಟ್ಟೆ ಹೊಲಿಸಲು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡೆ. ನಿನ್ನೆ ಯಾಕೋ ಅನುಮಾನ ಬಂದು, ನನ್ನ ಹೊಲಿಗೆ ಟೇಪು ಹಿಡಿದು ಬಗ್ಗಿ ಬಗ್ಗಿ ಅಳೆದೆ. ಬರೀ ಆರುನೂರು ಮೀಟರ್! ನಿಮ್ಮ ತಮ್ಮನನ್ನು ಕೇಳಿದರೆ, "ತಿಂಡಿ ಹೊತ್ತಿಗೆ ನೀವು ಮನೇಲಿರ್ಬೇಕು ಅಂತ ಅಣ್ಣ ಹಂಗಂದಿದ್ದು ಅತ್ತಿಗೆ" ಅಂತ ಹಲ್ಲು ಕಿರಿದ. ಚೆನ್ನಾಗಿ ಕಿವಿಗೆ ಹೂವಿಟ್ಟಿರಿ. ಇವತ್ತು ನಡೆಯಬೇಕಾದ್ದು ನಲವತ್ತೆರಡು, ನನ್ನ ಕಾಲು ಕಂಡಿರುವುದು ಹದಿನೆಂಟು. ಉಳಿದದ್ದನ್ನು ನಿಮ್ಮ ಮೇಲಿನ ಸಿಟ್ಟಿನಲ್ಲೇ ನಡೆಯುತ್ತೇನೆ.

ಸುಳ್ಳು ಅಳತೆ ನಾನೂ ಹೇಳಿದ್ದೇನೆ. ನಿಮ್ಮ ಸೊಂಟ ಇನ್ನೂ ಮೂವತ್ತನಾಲ್ಕೇ ಅಂತ ಹೇಳುತ್ತಾ, ಹತ್ತು ವರ್ಷದಿಂದ ಮೂವತ್ತೆಂಟಕ್ಕೆ ಹೊಲಿಯುತ್ತಿದ್ದೆ. ನಿನ್ನೆ ಕೂತು ಎಲ್ಲ ಪ್ಯಾಂಟನ್ನೂ ಮೂವತ್ತನಾಲ್ಕಕ್ಕೇ ಬಿಗಿ ಮಾಡಿದೆ. ಇಸ್ತ್ರಿಯಾಗಿ ಬೀರುವಿನಲ್ಲಿವೆ.

ಒಂದು ಗಂಟೆಗೆ ನಾನು ಗೆರೆ ದಾಟುವಾಗ ಎದುರಿಗೆ ನಿಂತಿರಿ. ಯಾವುದಕ್ಕೆ ಗುಂಡಿ ಬೀಳುತ್ತದೋ ಅದನ್ನೇ ಹಾಕಿಕೊಂಡು ಬನ್ನಿ.