ಮೂವತ್ತು–ನಲವತ್ತರ ಓಣಿ

ಜನವರಿ ೬, ಸೋಮವಾರ

ಆಫೀಸಿನಲ್ಲಿ ಎರಡು ಮನೆಗಳ ಪ್ಲಾನ್ ಮುಗಿಸಿದೆ. ಎರಡೂ ಮೂವತ್ತು–ನಲವತ್ತು ಸೈಟು. ಗಂಗಾವತಿಯಲ್ಲಿ ಮನೆ ಕಟ್ಟುವವರಿಗೆ ಬೇರೆ ಅಳತೆಯೇ ಗೊತ್ತಿಲ್ಲ. ಗೆರೆ ನನ್ನದು, ಸಹಿ ಇಂಜಿನಿಯರ್ ಸಾಹೇಬರದು. ಸಹಿಯಾದರೂ ನೆಟ್ಟಗೆ ಬರುತ್ತದೆ, ಪುಣ್ಯ.

ಸಂಜೆ ಕಂಪ್ಯೂಟರಿನಲ್ಲಿ ನಮ್ಮ ಆನಿಮೇಷನ್ ಸಿನಿಮಾದ ಪಟ್ಟಣ ಕಟ್ಟುವ ಕೆಲಸ. ಮೂವರಿದ್ದೇವೆ. ಕೊಪ್ಪಳದ ಪ್ರಭುರಾಜ — ಕಥೆ, ಗೊಂಬೆ. ಕುಷ್ಟಗಿಯ ಕನಕರಾಜ — ಬಜಾರು. ನಾನು — ಮನೆಗಳ ಓಣಿ. ಕುರಿ ಕಾಯುವ ಹುಡುಗಿ ಕಳೆದುಹೋದ ಮರಿ ಹುಡುಕುತ್ತ ಪಟ್ಟಣಕ್ಕೆ ಬರುತ್ತಾಳೆ, ಇಷ್ಟೇ ಕಥೆ. ಇಷ್ಟಕ್ಕೇ ಪ್ರಭುರಾಜನಿಗೆ ತಾನು ದೊಡ್ಡ ಡೈರೆಕ್ಟರ್ ಎಂಬ ಭ್ರಮೆ. ತಿಂಗಳ ಕೊನೆಗೆ ಸ್ಪರ್ಧೆಗೆ ಕಳಿಸಬೇಕು. ಗೆದ್ದರೆ ಹೈದರಾಬಾದಿನ ಸ್ಟುಡಿಯೊದಲ್ಲಿ ಕೆಲಸ. ಇನ್ನೊಬ್ಬರ ಸಹಿಗೆ ಗೆರೆ ಎಳೆದದ್ದು ಸಾಕು.

ಅವ್ವ ಪರದೆ ನೋಡಿ, “ಯಾರೂ ಇರಲಾರದ ಮನಿಗೆ ಸಂಡಾಸ್ ಯಾಕ?” ಅಂದಳು. ಇವಳಿಗೇನು ಹೇಳಲಿ.

ಜನವರಿ ೧೧

ಕನಕರಾಜನ ಬಜಾರು ಬಂತು. ನನ್ನ ಓಣಿಯ ಪಕ್ಕ ಇಟ್ಟೆ. ನಗು ತಡೆಯಲಾಗಲಿಲ್ಲ. ಅವನ ಅಂಗಡಿಯ ಮಾಳಿಗೆ ನನ್ನ ಬಾಗಿಲಿನ ನಡುವಿಗೆ ಬರುತ್ತದೆ! ಮೇಲೆ ನೀರಿನ ಟ್ಯಾಂಕಿಲ್ಲ, ಮುಂದಿನ ಅಂತಸ್ತಿಗೆಂದು ಬಿಟ್ಟ ಸರಳಿಲ್ಲ. ಮದುವೆ ಆಲ್ಬಮ್ ಮಾಡುವವನಿಗೆ ಕಟ್ಟಡ ಎಲ್ಲಿಂದ ತಿಳಿಯಬೇಕು? ನಮ್ಮ ಮೂವರ ವಾಟ್ಸಾಪ್ ಗ್ರೂಪಿನಲ್ಲೇ ಹಾಕಿದೆ: “ಇದು ಬಜಾರಾ, ಕೋಳಿಗೂಡಾ?”

“ಅಳತಿ ಸರೀ ಐತ್ರಿ ಅಕ್ಕಾರ” — ಕನಕರಾಜ.

ಅಳತೆಯ ಪಾಠ, ನನಗೆ! “ಕಲ್ತು ಬಾ ಹೋಗು” ಎಂದೆ.

ಜನವರಿ ೧೩

ಕನಕರಾಜ ಗ್ರೂಪ್ ಬಿಟ್ಟ. ಹೋಗುವಾಗ ಒಂದು ಸಾಲು: “ಕೋಳಿಗೂಡಿನಾಗ ಕೋಳಿ ಇರ್ಲಿ, ನಾ ಇರಂಗಿಲ್ಲ.” ಮೂವರೂ ಬಳಸುವ ಡ್ರೈವಿನಿಂದ ಬಜಾರಿನ ಫೈಲನ್ನೂ ತೆಗೆದುಕೊಂಡು ಹೋಗಿದ್ದಾನೆ. ಕುಣಿಯಲಾರದವನಿಗೆ ನೆಲ ಡೊಂಕು. ಪೀಡೆ ತೊಲಗಿತು. ಬಜಾರನ್ನೂ ನಾನೇ ಕಟ್ಟುತ್ತೇನೆ.

ಜನವರಿ ೨೪

ಬಜಾರು ಅರ್ಧವೂ ಆಗಿಲ್ಲ.

ಪ್ರಭುರಾಜ ಹುಡುಗಿಯ ಗೊಂಬೆಯನ್ನು ಇವತ್ತು ಮೊದಲ ಸಲ ನನ್ನ ಓಣಿಯಲ್ಲಿ ನಿಲ್ಲಿಸಿದ. ವಿಡಿಯೊ ಕಾಲ್ ಮಾಡಿ ಪರದೆ ತೋರಿಸಿದ. ನನಗೆ ಹುಡುಗಿಯೇ ಕಾಣಲಿಲ್ಲ.

“ಕಟ್ಟಿ ಬುಡಕ ನೋಡ್ರಿ, ಸುರೇಖಾ ಅಕ್ಕಾರ. ಹೇಮಗುಡ್ಡದ ಕೆಳಗ ನಿಂತಂಗ ನಿಂತಾಳ. ಈ ಮನ್ಯಾಗ ಯಾರಿರ್ತಾರ್ರಿ, ರಾಕ್ಷಸರಾ?”

“ನಿನ್ನ ಗೊಂಬೀನ ಸಣ್ಣದು” ಎಂದು ಫೋನ್ ಇಟ್ಟೆ.

ಆಮೇಲೆ ನೋಡಿದೆ. ಬಾಗಿಲಿನ ಎತ್ತರ ಏಳು. ಕಟ್ಟೆಯದು ಎರಡು. ಮನೆ ಮೂವತ್ತು–ನಲವತ್ತು. ಎಲ್ಲ ಅಡಿಯ ಲೆಕ್ಕ, ಕೈ ರೂಢಿಯಲ್ಲಿ ಹೊಡೆದದ್ದು. ಸಾಫ್ಟ್‌ವೇರ್ ಮೀಟರಿನಲ್ಲಿದೆ; ಏಳಡಿಯ ಬಾಗಿಲು ಏಳು ಮೀಟರ್ ಆಗಿದೆ. ಮೂರು ಪಟ್ಟು ದೊಡ್ಡ ಓಣಿ ಕಟ್ಟಿ ಕೂತಿದ್ದೇನೆ. ಥೂ.

ಕುಗ್ಗಿಸಲು ಒಂದು ನಿಮಿಷ ಸಾಕಾಯಿತು. ಕನಕರಾಜ ಆಗ ಅಳತೆ ಸಮೇತ ಗ್ರೂಪಿಗೆ ಹಾಕಿದ್ದ ಬಜಾರಿನ ಚಿತ್ರದ ಪಕ್ಕ ಇಟ್ಟು ನೋಡಿದೆ. ಅವನ ಅಳತೆ ಸರಿಯಾಗಿಯೇ ಇತ್ತು. ನಾಚಿಕೆಯಾಯಿತು.

ಜನವರಿ ೨೬

“ದಿನಾ ಉಳದಿಲ್ರಿ. ಬಜಾರಿಲ್ಲಂದ್ರ ಸಿನಿಮಾ ಇಲ್ಲ. ಕನಕಗ ನೀವ ಫೋನ್ ಮಾಡ್ರಿ” — ಪ್ರಭುರಾಜನ ಅಪ್ಪಣೆ. ನಾನಂತೆ, ಅವನಿಗೆ ಫೋನಂತೆ.

ಮಾಡಿದೆ. ಕ್ಷಮೆ ಗಿಮೆ ಏನಿಲ್ಲ. ಅಳತೆಯಲ್ಲಿ ಸಣ್ಣ ಗೊಂದಲ, ಫೈಲ್ ಕಳಿಸು — ಇಷ್ಟೇ ಹೇಳುವುದೆಂದುಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ.

“ಸಿಟ್ಟಿನಾಗ ಹೋದೆ ಖರೆ ಅಕ್ಕಾರ. ಆಮ್ಯಾಲ ಅನಸ್ತು, ದಿನಾ ಮನಿ ಪ್ಲಾನ್ ತಗಿಯೋರು ನೀವು, ಸುಮ್ನ ಅಂತೀರೇನು? ಹಳೇವೆಲ್ಲಾ ಡಿಲೀಟ್ ಹೊಡದೆ. ನಿಮ್ಮ ಓಣಿ ಎತ್ತರಕ್ಕ ಹೊಸಾವು ಕಟ್ಟೀನಿ. ಟ್ಯಾಂಕಿ, ಸರಳು, ಎಲ್ಲಾ ಅದಾವು. ಈಗರ ಛಲೋ ಅಂತೀರಿಲ್ಲೋ?”

ಅವನದನ್ನೂ ಒಂದು ನಿಮಿಷದಲ್ಲಿ ಕುಗ್ಗಿಸಿಬಿಡಬಹುದು. ಅವನಿಗೆ ಗೊತ್ತೂ ಆಗಲಿಕ್ಕಿಲ್ಲ. ಛಲೋ ಅಂದು ಫೋನ್ ಇಟ್ಟರೆ ಮುಗಿಯಿತು.

“ಅಕ್ಕಾರ? ಅದೀರೇನ್ರಿ?”

“ಕನಕರಾಜ,” ಎಂದೆ. “ಆ ಕೋಳಿಗೂಡಿನ ಅಳತಿ ಸರೀನ ಇತ್ತು…”