ಮೊದಲನೇ ಬೇಸಿನ ಪಕ್ಕದ ಜಾಗ

ತೀರ್ಥರೂಪ ಸಮಾನರಾದ ತಿರುಮಲ ಮಾವನವರಿಗೆ,

ನಿಮ್ಮ ಅಕ್ಕನ ಮಗಳು ಸಂಹಿತಾ ಮಾಡುವ ನಮಸ್ಕಾರ. ಫೋನ್ ಮಾಡಿದರೆ ಅತ್ತೆ ಎತ್ತಿ, 'ಮಲಗಿದಾರಮ್ಮ' ಅಂತಾರೆ. ಹಿಂದೆಯೇ ಯಾರೋ ಟಿವಿಯ ಸದ್ದು ತಗ್ಗಿಸುವುದು ಕೇಳುತ್ತದೆ. ಅದಕ್ಕೇ ಈ ಕಾಗದ.

ಫೈನಲ್ ಸೋತ ಸಂಜೆ ಕಿಟ್ ಬ್ಯಾಗನ್ನು ನನ್ನ ಕೈಗಿಟ್ಟು ತ್ರಿಪ್ಲಿಕೇನಿನ ಮನೆ ಸೇರಿದವರು, ಆಮೇಲೆ ವೇಲಚೇರಿಯ ನಮ್ಮ ಮೈದಾನದ ಕಡೆ ತಲೆ ಹಾಕಲೇ ಇಲ್ಲ. ಕೋಚ್ ಇಲ್ಲದಿದ್ದರೆ ತಂಡ ಮುಚ್ಚುತ್ತೇವೆ ಅಂತ ಕ್ಲಬ್ಬಿನವರು ಹೇಳುತ್ತಿದ್ದಾರೆ. ನನ್ನನ್ನೇ ಕೋಚ್ ಆಗು ಅಂದಿದ್ದಾರೆ. ಉತ್ತರ ಕೊಡುವ ಮುಂಚೆ ನಿಮ್ಮ ಹತ್ತಿರ ನಾಲ್ಕು ಮಾತು ಆಡಬೇಕು.

ಊರೆಲ್ಲ ಕ್ರಿಕೆಟ್ ಅನ್ನುವಾಗ ನೀವು ರೈಲ್ವೆ ಪಾರ್ಸೆಲ್ ಆಫೀಸಿನ ಕೆಲಸ ಮುಗಿಸಿ ಬೇಸ್‌ಬಾಲ್ ಆಡಲು ಓಡುತ್ತಿದ್ದಿರಂತೆ. 'ಅದೇನು ಆಟವೋ, ಬ್ಯಾಟು ನೋಡಿದರೆ ಒನಕೆ ಇದ್ದ ಹಾಗಿದೆ' ಅಂತ ಅಜ್ಜಿ ಗೊಣಗುತ್ತಿದ್ದರು. ಕ್ಯಾಚರ್ ಆಗಿ ಚೆಂಡು ಹಿಡಿದೂ ಹಿಡಿದೂ ನಿಮ್ಮ ಬೆರಳು ಸೊಟ್ಟಗಾದವು. ಮೊಣಕಾಲು ಕೈಕೊಟ್ಟ ಮೇಲೆ ಹುಡುಗಿಯರ ತಂಡ ಕಟ್ಟಿದಿರಿ, ಸ್ಕೂಲಿಗೆ ಹೋಗುತ್ತಿದ್ದ ನನ್ನನ್ನೂ ಎಳೆದುಕೊಂಡು ಹೋದಿರಿ. ಹೊಗಳಿದ್ದು ನೆನಪಿಲ್ಲ. 'ಪರವಾಗಿಲ್ಲ ಪಾ' ಅಂದರೆ ಅವತ್ತು ನಮಗೆ ಹಬ್ಬ.

ಆಟ ನಡೆಯುವಾಗ ಕೋಚ್ ಮೂರನೇ ಬೇಸಿನ ಪಕ್ಕ ನಿಂತು ಕೈಸನ್ನೆಯಲ್ಲೇ ಎಲ್ಲ ಹೇಳಬೇಕು. ಎದುರಿನವರಿಗೆ ಗೊತ್ತಾಗಬಾರದೆಂದು ನೀವು ಪೂಜೆಯ ಅಭ್ಯಾಸಗಳನ್ನೇ ಸನ್ನೆ ಮಾಡಿದಿರಿ. ಹಣೆಗೆ ನಾಮ ಎಳೆದರೆ ಚೆಂಡನ್ನು ಮೆಲ್ಲಗೆ ತಟ್ಟು ಅಂತ. ಕಿವಿ ಹಿಡಿದರೆ ಎರಡನೇ ಬೇಸಿಗೆ ಓಡು. ಎರಡೂ ಕೆನ್ನೆ ತಟ್ಟಿಕೊಂಡರೆ, ಮೂರನೇ ಬೇಸಿನಲ್ಲಿರುವವಳು ಹಿಂದೆಮುಂದೆ ನೋಡದೆ ರನ್ನಿಗಾಗಿ ಹೋಮಿಗೆ ನುಗ್ಗಬೇಕು. ವರ್ಷಗಟ್ಟಲೆ ಯಾರಿಗೂ ಗುಟ್ಟು ಸಿಗಲಿಲ್ಲ.

ಫೈನಲ್ ಮಾತ್ರ ವಡಪಳನಿಯಲ್ಲಿ, ಒಂದು ಗುಡಿಯ ಹಿಂದಿನ ಮೈದಾನದಲ್ಲಿ ಬಿತ್ತು. ಇನ್ನೊಂದು ರನ್ ಬಂದಿದ್ದರೆ ಸಮ. ನಾನು ಮೂರನೇ ಬೇಸಿನಲ್ಲಿದ್ದೆ. ಮಂಗಳಾರತಿಯ ಗಂಟೆ ಹೊಡೆಯಿತು. ಹುಟ್ಟಿನಿಂದ ಬಂದ ಅಭ್ಯಾಸ, ನಿಮ್ಮ ಕೈ ತಾನಾಗಿ ಕೆನ್ನೆಗೆ ಹೋಯಿತು. ನಾನು ಓಡಿದೆ. ತಲುಪುವಷ್ಟರಲ್ಲಿ ಚೆಂಡು ಅವರ ಕ್ಯಾಚರ್ ಕೈ ಸೇರಿತ್ತು. ನಾನು ಔಟ್, ಅಲ್ಲಿಗೆ ಆಟ ಮುಗಿಯಿತು.

'ತನ್ನ ಕೈಯೇ ತನ್ನ ಮಾತು ಕೇಳದವನು ಯಾರಿಗೆ ಏನು ಕಲಿಸ್ತಾನೆ' ಅಂದಿರಿ. ಹುಡುಗಿಯರು ಬಸ್ಸಿನಲ್ಲಿ ಅತ್ತರು, ಗಿಂಡಿ ದಾಟುವ ಹೊತ್ತಿಗೆ ನಗುತ್ತಿದ್ದರು. ಈಗ ಎಲ್ಲಿ ಗಂಟೆ ಕೇಳಿದರೂ ನಮ್ಮ ತಂಡದ ವಂದನಾ ನನ್ನ ಅಂಗಿ ಹಿಡಿದುಕೊಳ್ಳುತ್ತಾಳೆ, ಓಡಿಬಿಟ್ಟಾಳು ಅಂತ. ಸೋತದ್ದಕ್ಕೆ ಯಾರಿಗೂ ನಿಮ್ಮ ಮೇಲೆ ಸಿಟ್ಟಿಲ್ಲ. ನನಗೆ ಸಿಟ್ಟಿರುವುದು ನೀವು ಮನೆಯಲ್ಲಿ ಕೂತದ್ದಕ್ಕೆ. ನೀವಿಲ್ಲದ ಮೈದಾನಕ್ಕೆ ಹೋಗಲು ನನಗೆ ಮನಸ್ಸಾಗುವುದಿಲ್ಲ ಮಾವ.

ನೀವು ಬಂದರೆ ಮಾತ್ರ ಕೋಚ್ ಆಗಲು ಒಪ್ಪುತ್ತೇನೆ. ಮೂರನೇ ಬೇಸಿನ ಜಾಗ ಇನ್ನು ನನ್ನದು, ಕೇಳಿದರೂ ಕೊಡುವುದಿಲ್ಲ. ನೀವು ಮೊದಲನೇ ಬೇಸಿನ ಪಕ್ಕ ನಿಲ್ಲಿ. ಅಲ್ಲಿ ನಿಂತವರು 'ಓಡು', 'ನಿಲ್ಲು' ಅಂತ ಬಾಯಲ್ಲಿ ಕೂಗಿದರೆ ಸಾಕು. ಭಾನುವಾರ ಬೆಳಿಗ್ಗೆ ಬನ್ನಿ. ಕೈ ದೇವರಿಗೇ ಇರಲಿ, ಬಾಯಿ ನಮಗೆ ಕೊಡಿ.

ಅತ್ತೆಗೆ ನಮಸ್ಕಾರ ತಿಳಿಸಿ. ನಿಮ್ಮ ಮೊಣಕಾಲಿಗೆ ಆ ದೇವರೇ ಬಲ ಕೊಡಲಿ.

ನೀವು ಓಡು ಅಂದರೆ ಈಗಲೂ ಓಡುವ,
ಸಂಹಿತಾ