ಏರಿಯಾ ಮ್ಯಾನೇಜರ್ ಸಾಹೇಬರ ಸಹಿ

ಥಾರ್ನ್‌ಲಿ, ಲ್ಯಾಂಕಾಷೈರ್
18 ಜೂನ್ 2014, ಬುಧವಾರ

ಏರಿಯಾ ಮ್ಯಾನೇಜರ್ ರಸೆಲ್ ಹಾರ್‌ಗ್ರೀವ್ಸ್ ಸಾಹೇಬರ ದಿವ್ಯ ಸನ್ನಿಧಾನಕ್ಕೆ, ಕಾಗದದ ಮೇಲೆ ಮಾತ್ರ ಇನ್ನೂ ಹೆಂಡತಿಯಾಗಿ ಉಳಿದಿರುವ ಲೊರೇನ್ ಮಾಡುವ ನಮಸ್ಕಾರಗಳು.

ನಿನ್ನ ಪತ್ರ ತಲುಪಿತು. ದಪ್ಪ ಕಾಗದ, ಮೇಲೆ ಅಗ್ನಿಶಾಮಕ ಇಲಾಖೆಯ ಲಾಂಛನ. ಹೆಂಡತಿಗೆ ನಾಲ್ಕು ಸಾಲು ಬರೆಯುವುದಕ್ಕೂ ಕಚೇರಿಯ ಕಾಗದ ಬೇಕಾಯಿತಲ್ಲ ನಿನಗೆ. ಮನೆ ಬಿಟ್ಟು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಬಂದ ಮೊದಲ ಪತ್ರ ಇದು. ಅದರಲ್ಲಿ ನನ್ನ ಯೋಗಕ್ಷೇಮ ಕೇಳಿದ್ದು ಒಂದೇ ಸಾಲಿನಲ್ಲಿ, ಅದೂ ನನ್ನದಲ್ಲ, ನನ್ನ ಎಡ ಮಂಡಿಯದು.

ಉಳಿದದ್ದೆಲ್ಲ ವ್ಯಾಪಾರ. ಮುಖ್ಯ ಕಚೇರಿಯ ಅಗ್ನಿ ಸುರಕ್ಷತಾ ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇದೆಯಂತೆ. ಶಾಲೆ, ಹೋಟೆಲುಗಳಿಗೆ ಹೋಗಿ ಬಾಗಿಲು ಸರಿಯಾಗಿ ಮುಚ್ಚುತ್ತದೋ ಇಲ್ಲವೋ ನೋಡಿ ಬರುವ ಕೆಲಸ. ಓಟದ ಪರೀಕ್ಷೆ ಇಲ್ಲ, ಪಿಂಚಣಿಗೆ ಧಕ್ಕೆ ಇಲ್ಲ. ಪ್ರತಿಯಾಗಿ ನಾನು ಮಾಡಬೇಕಾದದ್ದು ಇಷ್ಟೇ: ಈ ಶನಿವಾರ ಪುರಭವನದಲ್ಲಿ ಯೂನಿಯನ್ ಕರೆದಿರುವ ಸಭೆಯಲ್ಲಿ ಬಾಯಿ ಬಿಡಬಾರದು. ನೀನು ಇಷ್ಟು ಬಿಡಿಸಿ ಬರೆದಿಲ್ಲ, 'ಸಾರ್ವಜನಿಕವಾಗಿ ಸಂಯಮ' ಎಂದು ಬರೆದಿದ್ದೀಯ. ಕಚೇರಿಯವರ ಭಾಷೆ ಎಷ್ಟು ಬೇಗ ನಾಲಿಗೆಗೆ ಹತ್ತಿತು ನೋಡು.

ನನ್ನ ಸ್ಥಿತಿ ನಿನಗೆ ಚೆನ್ನಾಗಿ ಗೊತ್ತು, ಅದಕ್ಕೇ ಈ ಗಾಳ. ಐವತ್ತೈದಕ್ಕೆ ಪಿಂಚಣಿ ಎಂದು ಹೇಳಿ ನನ್ನನ್ನು ಸೇರಿಸಿಕೊಂಡರು. ಈಗ ಅರವತ್ತು ಅನ್ನುತ್ತಿದ್ದಾರೆ. ನಲವತ್ತೊಂದು ದಾಟಿದ ಹಳಬರಿಗೆ ವಿನಾಯಿತಿ ಕೊಟ್ಟರು, ಅವರು ಗೆರೆ ಎಳೆದ ದಿನ ನನಗೆ ನಲವತ್ತು ವರ್ಷ ಏಳು ತಿಂಗಳು, ಕೆಲವೇ ತಿಂಗಳಲ್ಲಿ ತಪ್ಪಿತು. ಅರವತ್ತರವರೆಗೂ ಓಟದ ಪರೀಕ್ಷೆಯಲ್ಲಿ ಬೀಪ್ ಸದ್ದಿಗೆ ಸರಿಯಾಗಿ ಆ ಗೆರೆಯಿಂದ ಈ ಗೆರೆಗೆ ಓಡುತ್ತಲೇ ಇರಬೇಕು. ಜನವರಿಯಲ್ಲಿ ನಾನು ಒಂದು ಸಲ ನಪಾಸಾಗಿದ್ದು ನಿನ್ನ ಕಡತದಲ್ಲಿದೆ. ಎರಡನೆಯ ಸಲ ನಪಾಸಾದರೆ ಕೆಲಸ ಹೋಗುತ್ತದೆ, ಪಿಂಚಣಿಗೆ ಹದಿನೆಂಟು ವರ್ಷ ಬಾಗಿಲಲ್ಲಿ ಕಾಯಬೇಕಾಗುತ್ತದೆ.

ನಿನ್ನದೇನು ಕಥೆ ಹೇಳು. ಹೋದ ವರ್ಷ ಒಂದು ಶುಕ್ರವಾರ, ಮೂವತ್ತು ವರ್ಷದ ಸೇವೆ ಮುಗಿಯಿತು ಎಂದು, ಐವತ್ತನೆಯ ವಯಸ್ಸಿಗೆ ಪೂರ್ತಿ ಪಿಂಚಣಿ ತೆಗೆದುಕೊಂಡು ನಿವೃತ್ತನಾದೆ. ನಮ್ಮ ಠಾಣೆಯ ನೀಲಿ ಪಾಳಿಯವರೆಲ್ಲ ಕೇಕ್ ತಂದೆವು, ಕೈಗಡಿಯಾರ ಕೊಟ್ಟೆವು, ಟ್ರೆವರ್ ಭಾಷಣ ಮಾಡಿ ಕಣ್ಣೊರೆಸಿಕೊಂಡ. ಸೋಮವಾರ ಬೆಳಿಗ್ಗೆ ಅದೇ ಗಡಿಯಾರ ಕಟ್ಟಿಕೊಂಡು ಮುಖ್ಯ ಕಚೇರಿಗೆ ಹೊಸ ನೇಮಕಾತಿಯ ಮೇಲೆ ಹೋದೆ. ಹೆಂಡತಿಗೂ ಸೋಮವಾರವೇ ಗೊತ್ತಾದದ್ದು. ಈಗ ಟೀವಿಯಲ್ಲಿ ಕೂತು, ಅರವತ್ತಕ್ಕೆ ಏಣಿ ಹತ್ತುವುದು ಮನಸ್ಸಿದ್ದವರಿಗೆ ಕಷ್ಟವಲ್ಲ ಅನ್ನುತ್ತೀಯ. ನೀನು ಕೊನೆಯ ಸಲ ಏಣಿ ಹತ್ತಿದ್ದು ನಮ್ಮ ಅಟ್ಟದಿಂದ ನಿನ್ನ ಸೂಟ್‌ಕೇಸ್ ಇಳಿಸಿಕೊಳ್ಳುವುದಕ್ಕೆ. ಅದಕ್ಕೂ ನಾನೇ ಕೆಳಗೆ ನಿಂತು ಏಣಿ ಹಿಡಿದಿದ್ದೆ.

ಹಿಂದಿನ ಗುರುವಾರದ ಪಿಂಚಣಿ ಮುಷ್ಕರದ ಬಗ್ಗೆ ನೀನು ಪತ್ರಿಕೆಗೆ ಕೊಟ್ಟ ಹೇಳಿಕೆ ಓದಿದೆ. 'ಬದಲಿ ಸಿಬ್ಬಂದಿಯ ಸೇವೆ ತೃಪ್ತಿಕರವಾಗಿತ್ತು.' ನಾವು ಠಾಣೆಯ ಗೇಟಿನ ಹೊರಗಿದ್ದೆವು, ಕುರುಡರಾಗಿರಲಿಲ್ಲ.

ಹನ್ನೊಂದು ಗಂಟೆಯಿರಬೇಕು. ಟ್ರೆವರ್ ಬನ್ನಿನೊಳಗೆ ಬೇಕನ್ ಇಟ್ಟು ಸಾಸ್ ಹಚ್ಚುತ್ತಿದ್ದ, ನಸೀಮ್ ಚಹಾ ಬಗ್ಗಿಸುತ್ತಿದ್ದ. ಒಳಗೆ ಬೆಂಕಿಯ ಕರೆಗಂಟೆ ಹೊಡೆಯಿತು. ಮುಷ್ಕರ, ಗೇಟು, ಫಲಕ ಎಲ್ಲ ಮರೆತು ಹನ್ನೊಂದು ಜನವೂ ಓಡಿದೆವು. ಬಟ್ಟಲು ನೆಲಕ್ಕೆ ಬಿತ್ತು, ಟ್ರೆವರ್ ಬಾಯಲ್ಲಿ ಬನ್ನು ಕಚ್ಚಿಕೊಂಡೇ ಓಡಿದ. ಗೇಟಿಗೆ ಕೈ ಹಚ್ಚಿದ ಮೇಲೆಯೇ ನಾವು ಎಲ್ಲಿದ್ದೇವೆ ಎಂದು ನೆನಪಾದದ್ದು. ನೀನು ಬಾಡಿಗೆಗೆ ತಂದ ಆರು ಜನ ಒಳಗೆ ಇಸ್ಪೀಟು ಆಡುತ್ತ ಕೂತೇ ಇದ್ದರು. ಆ ಗಂಟೆ ತಮಗಾಗಿ ಎಂದು ಅವರಿಗೆ ಹೊಳೆಯಲೇ ಇಲ್ಲ.

ನೀನು ಮೆಟ್ಟಿಲ ಮೇಲೆ ಬಂದು ನಿಂತು ನಕ್ಕೆ. "ಏನ್ರಪ್ಪಾ, ಗಂಟೆ ಹೊಡೆದ್ರೆ ಓಡ್ ಬರ್ತೀರಿ, ಮತ್ತೆ ಬೀದೀಲಿ ಯಾಕೆ ನಿಂತಿದೀರಿ?" ಅಂದೆ. ಟ್ರೆವರ್ ಬಾಯಿಂದ ಬನ್ನು ತೆಗೆದು, "ನಮ್ಮನ್ನ ಆಮೇಲೆ ವಿಚಾರಿಸ್ಕೊಳ್ಳಿ ಸಾಹೇಬ್ರೇ, ಮೊದ್ಲು ನಿಮ್ಮ ಅಳಿಯಂದಿರನ್ನ ಎಬ್ಸಿ. ಅವರಿಗೆ ತಾಂಬೂಲ ಕೊಟ್ಟು ಕರೀಬೇಕೇನೋ" ಅಂದ. ಆಗ ನಿನ್ನ ನಗು ನಿಂತಿತು.

ಅಂತೂ ಗಾಡಿ ಹೊರಟಿತು. ಮಿಲ್ ಬ್ರೋ ಬೀದಿ, ಮೂವತ್ತೊಂದನೇ ಮನೆ ಎಂದು ನೀನು ಅವರಿಗೆ ಕೂಗಿ ಹೇಳಿದ್ದು ನಮಗೂ ಕೇಳಿಸಿತು. ಆ ಬೀದಿ ಎಡಕ್ಕೆ, ಅವರು ಬಲಕ್ಕೆ ತಿರುಗಿಸಿದರು. ನಸೀಮ್ ಗಾಡಿಯ ಹಿಂದೆಯೇ ಓಡುತ್ತ, "ಎಡಕ್ಕೆ ಕಣ್ರೋ, ಎಡಕ್ಕೆ, ಆ ಕಡೆ ಎಲ್ಲಿಗೆ ಹೊರಟ್ರಿ?" ಎಂದು ಕೂಗಿದ. ಹನ್ನೊಂದು ಜನವೂ ಕೈ ಬೀಸಿ ಎಡಕ್ಕೆ ತೋರಿಸಿದೆವು. ಅವರು ನಾವು ಬೈಯುತ್ತಿದ್ದೇವೆ ಎಂದುಕೊಂಡು ಕಿಟಕಿಯ ಗಾಜು ಏರಿಸಿಕೊಂಡರು. ಊರಿನ ಎಲ್ಲ ಬೀದಿ ಬಲ್ಲ ನೀನು ಮೆಟ್ಟಿಲ ಮೇಲೆ ಫೋನು ಹಿಡಿದು ನಿಂತಿದ್ದೆ, ಅವರಿಗೆ ಎಡ ಯಾವುದು ಎಂದು ಹೇಳಲೂ ನಿನ್ನಿಂದ ಆಗಲಿಲ್ಲ. ಕಾರಣ ನನಗೆ ಗೊತ್ತು. ಹೇಳಿದ್ದರೆ ನಾವು ಸರಿ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಎಣ್ಣೆ ಬಾಣಲೆಯ ಬೆಂಕಿ. ಮುದುಕಿ ಬೆಕ್ಕನ್ನು ಎತ್ತಿಕೊಂಡು ತಾನೇ ಹೊರಗೆ ಬಂದಿದ್ದಳು. ಅಡುಗೆಮನೆ ಪೂರ್ತಿ ಹೋಯಿತು. ಐದು ನಿಮಿಷದ ದಾರಿಗೆ ಹತ್ತೊಂಬತ್ತು ನಿಮಿಷ ತೆಗೆದುಕೊಂಡ ಸೇವೆಗೆ ತೃಪ್ತಿಕರ ಎಂದು ಹೆಸರಿಟ್ಟವನು ನೀನು.

ಮೂರು ಗಂಟೆಗೆ ನಿನ್ನ ಕಾರು ಹೊರಗೆ ಬಂದಾಗ ನಾವೆಲ್ಲ ಬೆನ್ನು ತಿರುಗಿಸಿದೆವು. ಮುಷ್ಕರ ಮುರಿದು ಗೆರೆ ದಾಟಿದವನಿಗೆ ಬೈಯಬಾರದು, ಉಗುಳಬಾರದು, ಬೆನ್ನು ತೋರಿಸಬೇಕು ಎಂದು 2002ರ ಮುಷ್ಕರದಲ್ಲಿ ಇದೇ ಗೇಟಿನಲ್ಲಿ ನಮಗೆ ಕಲಿಸಿಕೊಟ್ಟವನು ನೀನೇ. ಆಗ ನೀನು ಯೂನಿಯನ್ನಿನ ಮನುಷ್ಯ, ನನಗೆ ನಿನ್ನ ಮೇಲೆ ಎಂಥ ಹೆಮ್ಮೆಯಿತ್ತು. ಮೊನ್ನೆ ನಾನು ಎಲ್ಲರಿಗಿಂತ ನಿಧಾನವಾಗಿ ತಿರುಗಿದೆ, ನಿನಗೆ ಚೆನ್ನಾಗಿ ಕಾಣಲಿ ಎಂದು.

ಒಂದು ಮಾತು ಅಲ್ಲಗಳೆಯುವುದಿಲ್ಲ. ಆ ಕಾರ್ಪೆಟ್ ಗೋದಾಮಿನ ಬೆಂಕಿಯಲ್ಲಿ ನೆಲ ಕುಸಿದು ನಾನು ಸೊಂಟದವರೆಗೆ ಇಳಿದಾಗ ಕೈ ಹಿಡಿದು ಎಳೆದವನು ನೀನು. ಮಂಡಿ ಹೋಯಿತು, ಜೀವ ಉಳಿಯಿತು. ಆಸ್ಪತ್ರೆಯಲ್ಲಿ ನೀನು ನನ್ನ ಕಾಲಿನ ಹತ್ತಿರ ಕೂತು ಅತ್ತದ್ದನ್ನೂ ಮರೆತಿಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಅವನ ಚರ್ಮ ಹೊದ್ದುಕೊಂಡು ತಿರುಗುವ ನಿನ್ನನ್ನು ಕಂಡರೆ ಮಾತ್ರ ಹೇಸಿಗೆಯಾಗುತ್ತದೆ.

ನಿನ್ನ ಕುರ್ಚಿ ನನಗೆ ಬೇಡ. ನಸೀಮನಿಗೆ ಹೆಂಡತಿಯಾಗಿ ಏರಿಯಾ ಮ್ಯಾನೇಜರ್ ಇಲ್ಲ, ಟ್ರೆವರ್‌ಗೆ ಗಂಡನಾಗಿಯೂ ಇಲ್ಲ. ಅವರಿಗೆ ಇಲ್ಲದ ಬಾಗಿಲಿನಲ್ಲಿ ನಾನು ನುಸುಳಿಕೊಂಡು ಹೋದರೆ ನಾಳೆ ಯಾವ ಮುಖ ಹೊತ್ತು ಅವರು ಮಾಡಿದ ಚಹಾ ಕುಡಿಯಲಿ? ನನ್ನ ಪರೀಕ್ಷೆ ಬರುವ ತಿಂಗಳು. ಮಂಡಿ ಚೆನ್ನಾಗಿದೆ. ದಿನವೂ ಕಾಲುವೆಯ ದಂಡೆಯಲ್ಲಿ ಓಡುತ್ತಿದ್ದೇನೆ. ನೀನು ಚಿಂತೆ ಮಾಡುವ ತೊಂದರೆ ತೆಗೆದುಕೊಳ್ಳಬೇಡ.

ನಿನ್ನ ಚಳಿಗಾಲದ ಕೋಟು ಇನ್ನೂ ಇಲ್ಲೇ ಇದೆ. ಬಂದು ತೆಗೆದುಕೊಂಡು ಹೋಗು, ಇಲ್ಲವಾದರೆ ಚರ್ಚಿನ ಹಳೆ ಬಟ್ಟೆಯ ಅಂಗಡಿಗೆ ಹಾಕುತ್ತೇನೆ.

ಇಂತಿ,
ನೀಲಿ ಪಾಳಿಯ
ಲೊರೇನ್ ಹಾರ್‌ಗ್ರೀವ್ಸ್

ಮರೆತ ಮಾತು: ಮೇಲೆ ಬರೆದದ್ದರಲ್ಲಿ ಎರಡು ಸುಳ್ಳುಗಳಿವೆ. ಮಂಡಿ ಚೆನ್ನಾಗಿಲ್ಲ, ಪರೀಕ್ಷೆ ಬರುವ ತಿಂಗಳೂ ಅಲ್ಲ. ಶನಿವಾರದ ಸಭೆಗೆ ಮೊದಲೇ ಮುಗಿಯಲಿ ಎಂದು ನಾನೇ ಕೇಳಿಕೊಂಡು ಮೊನ್ನೆ ಸೋಮವಾರ ಓಡಿದೆ. ಒಂಬತ್ತನೇ ಹಂತ ಮುಟ್ಟಿದರೆ ಪಾಸು, ನಾನು ಏಳಕ್ಕೇ ಕಾಲು ಮಡಚಿ ಕುಸಿದೆ. ತರಬೇತಿಯ ಪಾಲೀನ್, "ಶೂ ಜಾರ್ತು ಅಂತ ಬರೀತೀನಿ ಕಣೆ, ಇನ್ನೊಂದ್ ಸಲ ಓಡುವೆಯಂತೆ" ಅಂದಳು. ಬೇಡ, ಇದ್ದದ್ದನ್ನೇ ಬರಿ ಅಂದೆ. ಮನೆಗೆ ಬಂದು ಸ್ನಾನದ ಮನೆಯಲ್ಲಿ ಕೂತು ಬಹಳ ಹೊತ್ತು ಅತ್ತೆ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಹೆದರಿಕೆಯಾಗುತ್ತದೆ. ಆ ಹಾಳೆ ನಾಳೆ ನಿನ್ನ ಮೇಜಿಗೆ ಬರುತ್ತದೆ, ಈ ತಿಂಗಳು ನಪಾಸಾದವರ ಹಾಳೆಗೆ ಸಹಿ ಹಾಕುವವನು ನೀನೇ. ಅದನ್ನು ಕಳೆದುಹಾಕಬೇಡ, ಏಳನ್ನು ಒಂಬತ್ತು ಮಾಡಬೇಡ. ನಲವತ್ತೆರಡಕ್ಕೇ ಬಿದ್ದವಳ ಕಾಗದವನ್ನು ಶನಿವಾರ ಪುರಭವನದಲ್ಲಿ ನಾನೇ ನಿಂತು ಓದುತ್ತೇನೆ, ನಿನ್ನ ಅರವತ್ತರ ಏಣಿಯ ಮಾತು ಕೇಳಿದವರೆಲ್ಲ ಅಲ್ಲಿರುತ್ತಾರೆ. ಸಹಿಯ ಕೆಳಗೆ ಹೆಸರನ್ನು ಬಿಡಿಸಿ ಬರಿ. ಕೆಲಸ ಕಳೆದುಕೊಂಡವರ ಜಾಗದಲ್ಲಿ ಒಂದು ಹಾರ್‌ಗ್ರೀವ್ಸ್, ಅದನ್ನು ಕಿತ್ತುಕೊಂಡವರ ಜಾಗದಲ್ಲಿ ಇನ್ನೊಂದು, ಎರಡೂ ಜನಕ್ಕೆ ಸ್ಪಷ್ಟವಾಗಿ ಕೇಳಿಸಬೇಕು.